ಪೇರಲದ ಸೀಮೆಯಲ್ಲಿ ಪೇರ್ ಹಣ್ಣು

ಸಿಂದಗಿಯ ಓದುಗರೊಬ್ಬರ ಪ್ರಶ್ನೆ: ಹಿತ್ತಿಲಲ್ಲಿ ಪೇರ್ ಗಿಡ ಹಚ್ಚಿದರೆ ಹಣ್ಣು ಬಿಟ್ಟೀತೆ? ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಪೇರ್ ಅಂದರೆ ಜನ ಪೇರಲ ಗಿಡವನ್ನೇ ತೋರಿಸಿಯಾರು. ಅದರಲ್ಲೂ ಒಂದು ಸತ್ಯವಿದೆ. ಪೋರ್ಚುಗೀಸ್ ಭಾಷೆಯ ‘ಪೆರಾ’ ಎಂದರೆ ಪೇರ್ ಹಣ್ಣು. ಆ ಹೆಸರು ಮರಾಠಿಯಲ್ಲಿ ಪೇರೂ, ನಮ್ಮಲ್ಲಿ ಪೇರಲವಾಗಿ, ಅಮೆರಿಕದಿಂದ ಬಂದ ಬೇರೊಂದು ಹಣ್ಣಿಗೆ ಅಂಟಿಕೊಂಡಿತು. ಹೆಸರು ವಿಜಯಪುರ ಮುಟ್ಟಿತು, ಗಿಡ ಮುಟ್ಟಲಿಲ್ಲ.

ಪೇರ್ ಮರದ ಮೊಗ್ಗು ಚಳಿಯ ಲೆಕ್ಕ ಇಡುತ್ತದೆ. ಎಲೆ ಉದುರಿಸಿ ಮಲಗಿದ ಮೇಲೆ, ಸುಮಾರು 7 ಡಿಗ್ರಿಗಿಂತ ತಣ್ಣಗಿನ ತಾಸುಗಳನ್ನು ಕೂಡಿಸುತ್ತ ಹೋಗುತ್ತದೆ. ಕಾಶ್ಮೀರ, ಹಿಮಾಚಲದಲ್ಲಿ ಬೆಳೆಯುವ ಯುರೋಪಿನ ಹಲವು ಸಿಹಿ ತಳಿಗಳಿಗೆ ಇಂಥ ನೂರಾರು ತಾಸು ಬೇಕು, ಕೆಲವಕ್ಕೆ ಸಾವಿರವೂ ಬೇಕು. ನಡುವೆ ಬಿಸಿಲೇರಿದರೆ ಕೂಡಿಟ್ಟದ್ದರಲ್ಲಿ ಒಂದಿಷ್ಟು ಕಳೆದೂ ಹೋಗುತ್ತದೆ! ಎರಡು ದಿನ ಬೆಚ್ಚಗಾಯಿತೆಂದು ಹೂ ಅರಳಿಸಿದರೆ ಮರುವಾರದ ಹಿಮಕ್ಕೆ ಎಲ್ಲ ಸುಟ್ಟುಹೋದೀತು; ಮರದ ಎಚ್ಚರ ಅದಕ್ಕೆ. ಮೊಗ್ಗಿನೊಳಗೆ ಬೆಳವಣಿಗೆಯನ್ನು ತಡೆಹಿಡಿಯುವ ಜೀನುಗಳಿವೆ, ಚಳಿ ಬೀಳುತ್ತ ಹೋದಂತೆ ಅವು ಸುಮ್ಮನಾಗುತ್ತವೆ. ಪೇರ್‌ನ ಬಂಧುವಾದ ಪೀಚ್‌ನಲ್ಲಿ ಇದಕ್ಕೆ ಸೊಗಸಾದ ಸಾಕ್ಷಿ ಸಿಕ್ಕಿದೆ: ಈ ಜೀನುಗಳು ಕೆಟ್ಟುಹೋದ, ಮೆಕ್ಸಿಕೋ ಮೂಲದ ಒಂದು ಬಗೆಯ ಪೀಚ್ ಚಳಿಗಾಲದಲ್ಲೂ ಮಲಗುವುದಿಲ್ಲ.

ವಿಜಯಪುರದ ಜನವರಿ ರಾತ್ರಿ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸು. ಲೆಕ್ಕ ಶುರುವಾಗುವುದೇ ಇಲ್ಲ. ಗಿಡ ಅಲ್ಲೊಂದು ಇಲ್ಲೊಂದು ಚಿಗುರಿ, ಹೂವಿಲ್ಲದೆ ನಿಲ್ಲುತ್ತದೆ. ಹೂ ಬಿಡದ ಗಿಡವನ್ನು ‘ಬಂಜೆ’ ಎಂದು ಕರೆದು, ದೃಷ್ಟಿಯಾಗಿದೆಯೆಂದು ಹಳೆಯ ಚಪ್ಪಲಿ ಕಟ್ಟುವವರು ಇನ್ನೂ ಇದ್ದಾರೆ. ಗಿಡಕ್ಕೂ ಹೆಣ್ಣಿಗೂ ಅವಮಾನವಾಗುವ ಆ ಮಾತನ್ನು ಬಿಡಬೇಕು. ಕೊರತೆ ಇರುವುದು ಹವೆಯಲ್ಲಿ.

ಹಾಗಾದರೆ ಈ ಜಿಲ್ಲೆಗೆ ದ್ರಾಕ್ಷಿ ಹೇಗೆ ಬಂತು ಎನ್ನಬಹುದು. ಅದೂ ಚಳಿನಾಡಿನಲ್ಲಿ ಎಲೆ ಉದುರಿಸಿ ಮಲಗುವ ಬಳ್ಳಿಯೇ. ಇಲ್ಲಿ ಮಾತ್ರ ಅದಕ್ಕೆ ನಿದ್ದೆಯಿಲ್ಲ. ಜಿಲ್ಲೆಯ ರೈತರು ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಚಾಟ್ನಿ ಮಾಡಿ (ಕಡ್ಡಿ ಕತ್ತರಿಸಿ), ಎರಡನೆಯ ಸಲ ಕಡ್ಡಿಯ ಕಣ್ಣುಗಳಿಗೆ ಹೈಡ್ರೋಜನ್ ಸಯನಮೈಡ್ ಹಚ್ಚಿ ಚಿಗುರಿಸುತ್ತಾರೆ. ಈ ಜಾಣತನಕ್ಕೆ ಎಷ್ಟು ಮೆಚ್ಚುಗೆ ಸೂಚಿಸಿದರೂ ಕಡಿಮೆಯೇ. ಆದರೆ ಆ ಔಷಧಿ ಪೇರ್ ಮರಕ್ಕೆ ಚಳಿಯ ಒಂದು ಪಾಲನ್ನಷ್ಟೇ ತುಂಬಿಕೊಟ್ಟೀತು. ಮೇಲಾಗಿ ಅದು ವಿಷ, ಮಕ್ಕಳಾಡುವ ಹಿತ್ತಿಲಿಗೆ ತರುವಂಥದ್ದಲ್ಲ.

ಪಂಜಾಬಿನ ಬಯಲಿನ ಗಟ್ಟಿ ಪೇರ್, ನಾಸ್ಪತಿ, ಕಡಿಮೆ ಚಳಿಗೂ ಒಪ್ಪುತ್ತದೆ. ಆದರೆ ಅಷ್ಟು ಚಳಿಯೂ ಸಿಂದಗಿಯಲ್ಲಿಲ್ಲ. ಪೇರಲಕ್ಕೆ ಈ ಯಾವ ಲೆಕ್ಕವೂ ಬೇಡ. ಮುಂಗಾರು ಹಿಡಿದ ಮೇಲೆ ಬಿಸಿಲು ಬೀಳುವ ಕಡೆ ಒಂದು ಕಸಿ ಪೇರಲ ಹಚ್ಚಿ. ಎರಡು ಮೂರು ವರ್ಷಕ್ಕೆ ಹಣ್ಣು ಕೈಗೆ ಬರುತ್ತದೆ.