ಎರವಲು ಕಟ್ಟು, ಸ್ವಂತ ಕಟ್ಟು

ವಿದ್ಯಾರ್ಥಿಗಳ ಕಿವಿಗೆ ‘ಕಾಪಿ’ ಎಂಬುದಕ್ಕಿಂತ ಕೆಟ್ಟ ಮಾತು ಇನ್ನೊಂದಿಲ್ಲ. ಪರೀಕ್ಷೆಯ ಕೊಠಡಿಯಲ್ಲಿ ಆ ಮಾತು ಹುಟ್ಟಿದರೆ ಒಂದು ವರ್ಷದ ವ್ಯಾಸಂಗಕ್ಕೇ ಸಂಚಕಾರ. ಈಚೆಗೆ ಅದು ನಮ್ಮ ಹಾಸ್ಟೆಲಿನ ಜಗಲಿಯನ್ನೂ ಏರಿದೆ. ಅಲ್ಲಿ ಸಂಜೆಯ ಹೊತ್ತು ನಾವು ಕೆಲವರು ಒಂದು ಬಗೆಯ ಎಲೆಯಾಟ ಆಡುತ್ತೇವೆ. ಇದು ಇಸ್ಪೀಟಲ್ಲ, ಹಣ ಒಡ್ಡುವ ಆಟವಂತೂ ಅಲ್ಲವೇ ಅಲ್ಲ. ವಾರ್ಡನ್ನರು ದಯವಿಟ್ಟು ಈ ವಾಕ್ಯವನ್ನು ಎರಡು ಸಲ ಓದಬೇಕಾಗಿ ಪ್ರಾರ್ಥನೆ.

ಈ ಆಟದಲ್ಲಿ, ಎಲ್ಲಿಯೋ ಗೆದ್ದವರು ಜೋಡಿಸಿದ ಎಲೆಗಳ ಪಟ್ಟಿಯನ್ನು ನೋಡಿ ಅದರಂತೆಯೇ ಜೋಡಿಸಿಕೊಂಡು ಬಂದವನಿಗೆ ನಮ್ಮಲ್ಲಿ ‘ಕಾಪಿ ಗಿರಾಕಿ’ ಎಂಬ ಬಿರುದು. ತಾನೇ ಆಲೋಚಿಸಿ ಜೋಡಿಸಿ, ಹತ್ತು ಆಟಗಳಲ್ಲಿ ಒಂಬತ್ತನ್ನು ಸೋತವನಿಗೆ ‘ಮಹಾಕವಿ’ ಎಂಬ ಬಿರುದು. ಮೊದಲನೆಯ ವರ್ಷದ ಇಬ್ಬರು ಗೆಳೆಯರು, ಒಬ್ಬನು ಮೊದಲನೆಯ ಬಿರುದಿನಿಂದಲೂ ಇನ್ನೊಬ್ಬನು ಎರಡನೆಯದರಿಂದಲೂ ನೊಂದು, ಆಟಕ್ಕೆ ಬರುವುದನ್ನೇ ಬಿಟ್ಟರು. ಎರಡು ಬಿರುದುಗಳೂ ತಿಳಿಯದೆ ಕೊಟ್ಟವು ಎಂದು ನನ್ನ ಅಭಿಪ್ರಾಯ. ಅದು ಹೇಗೆಂಬುದನ್ನು ಸಾಧ್ಯವಾದಷ್ಟು ಸರಳವಾಗಿ ವಿವರಿಸುವುದೇ ಈ ಲೇಖನದ ಉದ್ದೇಶ.

ಆಟದ ಪರಿಚಯವಿಲ್ಲದ ವಾಚಕರಿಗಾಗಿ ಮೊದಲು ನಾಲ್ಕು ಮಾತು. ಇಸ್ಪೀಟಿನಲ್ಲಿ ಆಡುವವರೆಲ್ಲರಿಗೂ ಸೇರಿ 52 ಎಲೆಗಳ ಒಂದೇ ಕಟ್ಟು. ಈ ಹೊಸ ಬಗೆಯ ಆಟದಲ್ಲಿ ಪ್ರತಿಯೊಬ್ಬನೂ ತನ್ನ ಕಟ್ಟನ್ನು ತಾನೇ ಮನೆಯಿಂದ ಜೋಡಿಸಿಕೊಂಡು ಬರುತ್ತಾನೆ. ಈ ಜಾತಿಯ ಆಟಗಳಿಗೆಲ್ಲ ದಾರಿ ತೋರಿದ್ದು ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಆಟ. ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ಅದನ್ನು ರಚಿಸಿದರು; ‘ವಿಜರ್ಡ್ಸ್ ಆಫ್ ದಿ ಕೋಸ್ಟ್’ ಎಂಬ ಸಂಸ್ಥೆ 1993ರಲ್ಲಿ ಅದನ್ನು ಹೊರತಂದಿತು. 1996ರಲ್ಲಿ ಜಪಾನಿನಲ್ಲಿ ಹೊರಬಂದ ‘ಪೋಕೆಮಾನ್’ ಎಲೆಯಾಟವನ್ನು ನಮ್ಮ ತಮ್ಮಂದಿರೂ ಬಲ್ಲರು. ನಾನು ಇಲ್ಲಿ ಮ್ಯಾಜಿಕ್ ಆಟವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಆಟಗಾರನಿಗೆ ಮೊದಲಿಗೆ 20 ಪ್ರಾಣಾಂಕಗಳಿರುತ್ತವೆ. ಎದುರಾಳಿಯ ಪ್ರಾಣಾಂಕಗಳನ್ನು ಸೊನ್ನೆಗೆ ಇಳಿಸುವುದು ಗೆಲ್ಲುವ ಮುಖ್ಯ ದಾರಿ. ಕಟ್ಟಿನಲ್ಲಿ ಎರಡು ಬಗೆಯ ಎಲೆಗಳು. ಒಂದು, ‘ಲ್ಯಾಂಡ್’ ಅಂದರೆ ನೆಲದ ಎಲೆ. ಇದು ಶಕ್ತಿಯನ್ನು ಕೊಡುತ್ತದೆ. ಇನ್ನೊಂದು, ಆ ಶಕ್ತಿಯನ್ನು ಬೆಲೆಯಾಗಿ ತೆತ್ತು ಹೂಡುವ ಜೀವಿಗಳು ಮತ್ತು ಮಂತ್ರಗಳು. ಶಕ್ತಿಯಲ್ಲಿ ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು ಎಂದು ಐದು ಬಣ್ಣ. ಸಾಮಾನ್ಯವಾಗಿ ಸರದಿಗೆ ಒಂದೇ ನೆಲದ ಎಲೆಯನ್ನು ಇಡಬಹುದು. ಆದಕಾರಣ ಆಟ ಮುಂದುವರಿದಂತೆ ಶಕ್ತಿ ಮೆಲ್ಲಮೆಲ್ಲನೆ ಬೆಳೆಯುತ್ತದೆ. ಪಂದ್ಯದ ಸಾಮಾನ್ಯ ನಿಯಮದಂತೆ ಕಟ್ಟಿನಲ್ಲಿ ಕಡಿಮೆಯೆಂದರೆ 60 ಎಲೆಗಳಿರಬೇಕು. ಮೂಲ ನೆಲದ ಎಲೆಗಳನ್ನು ಬಿಟ್ಟರೆ ಒಂದೇ ಹೆಸರಿನ ಎಲೆ ನಾಲ್ಕಕ್ಕಿಂತ ಹೆಚ್ಚು ಇರಕೂಡದು. ಇದುವರೆಗೆ ಅಚ್ಚಾಗಿರುವ ಬೇರೆ ಬೇರೆ ಎಲೆಗಳು 25,000ಕ್ಕೂ ಹೆಚ್ಚು. ಆ ಸಮುದ್ರದಿಂದ 60 ಎಲೆಗಳನ್ನು ಎತ್ತಿ ತರುವುದೇ ಕಟ್ಟು ಕಟ್ಟುವ ಕೆಲಸ.

ಇನ್ನು ವಾದಕ್ಕೆ ಬರೋಣ. ಸ್ವಂತ ಕಟ್ಟಿನ ಪಕ್ಷದವರು ಹೇಳುವುದು: “ಆಟದ ಅರ್ಧ ಸೊಗಸು ಜೋಡಣೆಯಲ್ಲೇ ಇದೆ. ಅದನ್ನು ಇನ್ನೊಬ್ಬನ ತಲೆಗೆ ಬಿಟ್ಟರೆ ನೀನು ಆಡಿದ್ದಾದರೂ ಏನು?” ಎರವಲು ಪಕ್ಷದವರು ಹೇಳುವುದು: “ಸಾವಿರಾರು ಜನ ಆಡಿ ತೂಗಿ ನೋಡಿದ್ದನ್ನು ಬಿಟ್ಟು, ನಿನ್ನೆ ಕಲಿತವನು ಗಾಡಿಯ ಚಕ್ರವನ್ನು ಮತ್ತೆ ಕಡೆಯಬೇಕೆ?” ಎರಡು ಮಾತಿನಲ್ಲೂ ಹುರುಳಿದೆ. ಆದರೆ ಗೆದ್ದ ಪಟ್ಟಿಯೊಂದರ ಒಳಗೆ ಏನು ಅಡಗಿದೆ ಎಂಬುದನ್ನು ಇಬ್ಬರೂ ಬಿಡಿಸಿ ನೋಡುವುದಿಲ್ಲ.

ಅಡಗಿರುವುದರಲ್ಲಿ ಮೊದಲನೆಯದು ಲೆಕ್ಕ. ನಮ್ಮದು ಕಲಾ ಕಾಲೇಜು. ಲೆಕ್ಕವೆಂದರೆ ದೂರ ಸರಿಯುವವರೇ ಬಹಳ. ಆದರೂ ಎರಡೇ ಎರಡು ಲೆಕ್ಕಗಳನ್ನು ಸಹಿಸಿಕೊಳ್ಳಬೇಕು. ಆಟದ ಮೊದಲಿಗೆ ಏಳು ಎಲೆಗಳನ್ನು ಕೈಗೆ ತೆಗೆದುಕೊಳ್ಳುತ್ತೇವೆ. 60ರ ಕಟ್ಟಿನಲ್ಲಿ ನೆಲದ ಎಲೆಗಳು 24 ಇದ್ದರೆ, ಆ ಏಳರಲ್ಲಿ ನೆಲವೇ ಇಲ್ಲದಿರುವ ಅಥವಾ ಒಂದೇ ಒಂದು ಇರುವ ದುರ್ದೆಸೆ ನೂರಕ್ಕೆ ಸುಮಾರು 14 ಸಲ ಒದಗುತ್ತದೆ. ಹೊಸಬನು “ನೆಲದ ಎಲೆ ಹೊಡೆದಾಡುವುದಿಲ್ಲವಲ್ಲ, ಅದೇಕೆ ಅಷ್ಟು?” ಎಂದು ಅವನ್ನು 17ಕ್ಕೆ ಇಳಿಸಿದನೆಂದರೆ ಅದೇ ದುರ್ದೆಸೆ ನೂರಕ್ಕೆ 35 ಸಲ ಒದಗುತ್ತದೆ. ಮೂರು ಆಟಗಳಲ್ಲಿ ಒಂದನ್ನು ಅವನು ಆಡುವ ಮೊದಲೇ ಹೆಚ್ಚುಕಡಿಮೆ ಸೋತ ಹಾಗೆ.

ಎರಡನೆಯ ಲೆಕ್ಕ. ನಮಗೆ ಬಹು ಮುಖ್ಯವಾದ ಒಂದು ಎಲೆಯನ್ನು ನಾಲ್ಕು ಪ್ರತಿ ಹಾಕಿದ್ದೇವೆ ಎನ್ನೋಣ. ಕಟ್ಟು 60ರದಾದರೆ ಮೊದಲ ಏಳರಲ್ಲಿ ಅದು ಒಂದಾದರೂ ಸಿಗುವುದು ನೂರಕ್ಕೆ 40 ಸಲ. “ಇದೂ ಚೆನ್ನಾಗಿದೆ, ಅದೂ ಇರಲಿ” ಎಂದು ಕಟ್ಟನ್ನು 80ಕ್ಕೆ ಬೆಳೆಸಿದರೆ ನೂರಕ್ಕೆ 31 ಸಲ ಮಾತ್ರ. ಒಳ್ಳೆಯ ಎಲೆಗಳನ್ನು ಸೇರಿಸುತ್ತ ಹೋದಂತೆ ಅತ್ಯುತ್ತಮ ಎಲೆ ದೂರವಾಗುತ್ತದೆ. ಸ್ವಂತವಾಗಿ ಕಟ್ಟುವ ಹೊಸಬರು ಎಡವುವುದು ಹೆಚ್ಚಾಗಿ ಈ ಎರಡು ಕಲ್ಲುಗಳ ಮೇಲೆಯೇ. ಗೆದ್ದ ಪಟ್ಟಿಯನ್ನು ಹಾಗೆಯೇ ಇಳಿಸಿಕೊಂಡವನು ಈ ಕಲ್ಲುಗಳನ್ನು ನೋಡದೆಯೇ ದಾಟಿರುತ್ತಾನೆ. ಲಾಭ ಅಲ್ಲೇ ಇದೆ, ಅಪಾಯವೂ ಅಲ್ಲೇ ಇದೆ. ನೋಡದೆ ದಾಟಿದ್ದರಿಂದ ಅಲ್ಲಿ ಕಲ್ಲುಂಟೆಂದೇ ಅವನಿಗೆ ತಿಳಿಯದು.

ಅಡಗಿರುವುದರಲ್ಲಿ ಎರಡನೆಯದು ಆಲೋಚನೆ. ಇದಕ್ಕೆ 1996ರ ಒಂದು ಕಟ್ಟಿನ ಕಥೆ ಒಳ್ಳೆಯ ನಿದರ್ಶನ. ಆ ವರ್ಷ ಅಮೆರಿಕದ ಅಟ್ಲಾಂಟಾದಲ್ಲಿ ನಡೆದ ಒಂದು ಅರ್ಹತಾ ಪಂದ್ಯದಲ್ಲಿ ಪಾಲ್ ಸ್ಲೈ ಎಂಬವರು ಕೆಂಪು ಬಣ್ಣದ ಒಂದು ಕಟ್ಟಿನಿಂದ ಎರಡನೆಯ ಸ್ಥಾನಕ್ಕೆ ಬಂದರು. ಅದರ ಎಲೆಗಳನ್ನು ಕಂಡವರಿಗೆ ಆಶ್ಚರ್ಯ. ಬಲ್ಲವರು ಮೂಲೆಗೆ ಎಸೆಯುತ್ತಿದ್ದ ‘ಐರನ್‌ಕ್ಲಾ ಆರ್ಕ್ಸ್’ನಂಥ ಅಗ್ಗದ ಜೀವಿಗಳು ಅದರಲ್ಲಿದ್ದವು. ಈ ಜೀವಿ ಎಷ್ಟು ಪುಕ್ಕಲೆಂದರೆ, ಎರಡು ಅಥವಾ ಅದಕ್ಕಿಂತ ಹೆಚ್ಚು ಬಲವುಳ್ಳ ಜೀವಿ ಎದುರು ಬಂದರೆ ಅಡ್ಡ ನಿಲ್ಲಲಾರದು. ಆದರೂ ಕಟ್ಟು ಗೆಲ್ಲುತ್ತಿತ್ತು. ಏಕೆ?

ಗುಟ್ಟು ಇಷ್ಟೆ. ಪ್ರತಿ ಸರದಿಯಲ್ಲೂ ಇರುವ ಶಕ್ತಿಯೆಲ್ಲ ಖರ್ಚಾಗುವಂತೆ, ಒಂದರ ಬೆಲೆಯವು ಎಷ್ಟು, ಎರಡರವು ಎಷ್ಟು, ಮೂರರವು ಎಷ್ಟು ಎಂದು ಎಣಿಸಿ ಎಲೆಗಳನ್ನು ಜೋಡಿಸಲಾಗಿತ್ತು. ಎದುರಾಳಿ ತನ್ನ ಭಾರಿ ಎಲೆಗೆ ಬೇಕಾದ ಶಕ್ತಿ ಕೂಡಲೆಂದು ಕೈಕಟ್ಟಿ ಕೂತಿರುವಾಗ ಈ ಸಣ್ಣವರು ದಿನವೂ ದುಡಿಯುತ್ತಿದ್ದರು. ತಿಂಗಳಿಗೊಮ್ಮೆ ಬರುವ ದೊಡ್ಡ ಸಂಬಳಕ್ಕಿಂತ ತಪ್ಪದೆ ಬರುವ ದಿನಗೂಲಿಯಿಂದಲೇ ಸಂಸಾರ ನಡೆಯುವುದುಂಟಷ್ಟೆ. ಈ ಹಂಚಿಕೆಗೆ ಆಟಗಾರರು ‘ಮಾನಾ ಕರ್ವ್’ ಎನ್ನುತ್ತಾರೆ. ಇನ್ನೊಂದು ವಿಷಯ. ಇದನ್ನು ಆಲೋಚಿಸಿದವರು ಸ್ಲೈ ಅಲ್ಲ. ಜೇ ಶ್ನೈಡರ್ ಎಂಬವರು. ಆದರೂ ಲೋಕದಲ್ಲಿ ಉಳಿದದ್ದು ‘ಸ್ಲೈ’ ಎಂಬ ಹೆಸರೇ. ಆ ಜಾತಿಯ ಕಟ್ಟುಗಳಿಗೆಲ್ಲ ಅದೇ ಹೆಸರಾಯಿತು. ಅಂದರೆ ಈ ಪ್ರಸಿದ್ಧ ಕಟ್ಟು ಕೂಡ ಒಬ್ಬರು ಕಟ್ಟಿದ್ದು, ಇನ್ನೊಬ್ಬರು ಆಡಿದ್ದು!

ಈ ಪಟ್ಟಿಯನ್ನು ಆಗ ಒಬ್ಬನು ಇಳಿಸಿಕೊಂಡು, “ಈ ಪುಕ್ಕಲು ಜೀವಿ ಏಕೆ? ತೆಗೆದು ಐದರ ಬೆಲೆಯ ದೊಡ್ಡ ರಾಕ್ಷಸನನ್ನು ಹಾಕೋಣ” ಎಂದುಕೊಂಡನೆನ್ನಿ. ಕಟ್ಟು ಕೆಟ್ಟಿತು. ದೋಷವೆಂದು ಕಂಡದ್ದು ಅಲ್ಲಿ ಗುಣವಾಗಿತ್ತು. ಕಾರಣ ತಿಳಿಯದೆ ತಿದ್ದಿದರೆ ಹೀಗಾಗುತ್ತದೆ.

ಹಾಗಾದರೆ ಏನನ್ನೂ ತಿದ್ದದೆ ಅಕ್ಷರಶಃ ನಕಲು ಮಾಡುವುದೇ ಕ್ಷೇಮವೆ? ಅದೇ 1996ರಲ್ಲಿ ಸಿಯಾಟಲ್‌ನಲ್ಲಿ ನಡೆದ ವಿಶ್ವ ಪಂದ್ಯ ಇದಕ್ಕೆ ಉತ್ತರ ಕೊಡುತ್ತದೆ. ಅದನ್ನು ಗೆದ್ದವರು ಆಸ್ಟ್ರೇಲಿಯದ ಟಾಮ್ ಚಾನ್‌ಫೆಂಗ್. ಅವರದು ಸಣ್ಣ ಸಣ್ಣ ಬಿಳಿ ಜೀವಿಗಳ ಕಟ್ಟು. ಅದರಲ್ಲಿ ‘ಸ್ಲೈಟ್ ಆಫ್ ಮೈಂಡ್’ ಎಂಬ ನೀಲಿ ಮಂತ್ರದ ಎಲೆ ಒಂದಿತ್ತು. ಅದಕ್ಕೆ ಬೇಕಾದ ನೀಲಿ ಶಕ್ತಿಯನ್ನು ಕೊಡುವ ನೆಲದ ಎಲೆಗಳು ಮಾತ್ರ ಕಣ್ತಪ್ಪಿನಿಂದ ಪಟ್ಟಿಯಿಂದ ಬಿಟ್ಟುಹೋಗಿದ್ದವು. ಅಂದರೆ ಆ ಮಂತ್ರವನ್ನು ಹೂಡುವ ಉಪಾಯವೇ ಕಟ್ಟಿನಲ್ಲಿ ಇರಲಿಲ್ಲ. ಆ ನಿರುಪಯೋಗಿ ಎಲೆಯನ್ನು ಹೊತ್ತುಕೊಂಡೇ ಚಾನ್‌ಫೆಂಗ್ ಜಗತ್ತನ್ನು ಗೆದ್ದರು. “ವಿಶ್ವವಿಜೇತನ ಪಟ್ಟಿ, ಒಂದಕ್ಷರ ಬದಲಿಸಬಾರದು” ಎಂದು ಭಕ್ತಿಯಿಂದ ಇಳಿಸಿಕೊಳ್ಳುವವನು ಆ ಎಲೆಯನ್ನೂ ಭಕ್ತಿಯಿಂದಲೇ ಇಳಿಸಿಕೊಳ್ಳುತ್ತಾನೆ!

ಎರಡು ಕಥೆಗಳನ್ನೂ ಜೊತೆಗಿಟ್ಟು ನೋಡಿದರೆ ತತ್ತ್ವ ತಿಳಿಯಾಗುತ್ತದೆ. ಒಂದರಲ್ಲಿ ಕೆಟ್ಟದಾಗಿ ಕಂಡ ಎಲೆ ಸರಿಯಾದದ್ದು. ಇನ್ನೊಂದರಲ್ಲಿ ಗೆದ್ದ ಎಲೆ ವ್ಯರ್ಥವಾದದ್ದು. ಬರಿಯ ಪಟ್ಟಿಯನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಈ ವ್ಯತ್ಯಾಸ ತಿಳಿಯುವುದಿಲ್ಲ. “ಈ ಎಲೆ ಇಲ್ಲಿ ಏಕೆ?” ಎಂದು ಕೇಳಿದವನಿಗೆ ಮಾತ್ರ ತಿಳಿಯುತ್ತದೆ.

ಇದಕ್ಕೆ ಇನ್ನೂ ಒಂದು ಕಾರಣವುಂಟು. ಕಟ್ಟು ಎಂಬುದು ಒಂದು ಉತ್ತರ. ಅದರ ಪ್ರಶ್ನೆ ಎದುರಾಳಿಯ ಕೈಯಲ್ಲಿರುತ್ತದೆ. ‘ರ್‍ಯಾತ್ ಆಫ್ ಗಾಡ್’ ಎಂಬ ಎಲೆ ಆಟದಲ್ಲಿರುವ ಜೀವಿಗಳೆಲ್ಲವನ್ನೂ ಒಂದೇ ಏಟಿಗೆ ನಾಶಮಾಡುತ್ತದೆ. ಎದುರಾಳಿಗಳೆಲ್ಲ ಜೀವಿಗಳ ದಂಡು ಕಟ್ಟಿ ನುಗ್ಗುವವರಾದರೆ ಅದು ನಾಲ್ಕಿದ್ದರೂ ಸಾಲದು. ಜೀವಿಗಳನ್ನೇ ನೆಚ್ಚದೆ ಮಂತ್ರಗಳಿಂದ ಹೊಡೆಯುವವರಾದರೆ ಆ ನಾಲ್ಕೂ ಕೈಯಲ್ಲೇ ಕೊಳೆಯುತ್ತವೆ. ಹೋದ ತಿಂಗಳು ದೂರದ ಊರಿನಲ್ಲಿ ಗೆದ್ದ ಕಟ್ಟು, ಆ ಊರಿನ ಎದುರಾಳಿಗಳಿಗೆ ಬರೆದ ಉತ್ತರ. ನಮ್ಮ ಜಗಲಿಯ ಆರು ಜನ ಕೇಳುವ ಪ್ರಶ್ನೆಯೇ ಬೇರೆಯಿರಬಹುದು. ಹಳೆಯ ಪ್ರಶ್ನೆಪತ್ರಿಕೆಯ ಉತ್ತರಗಳನ್ನು ಉರುಹೊಡೆದು ಹೊಸ ಪ್ರಶ್ನೆಪತ್ರಿಕೆಗೆ ಬರೆದುಬಂದವರ ಫಲಿತಾಂಶವನ್ನು ನಮ್ಮ ಅಧ್ಯಾಪಕರು ಚೆನ್ನಾಗಿ ಬಲ್ಲರು.

ಮಾನ ಮರ್ಯಾದೆಯ ಮಾತೊಂದು ಉಳಿಯಿತು. ಗೆದ್ದ ಕಟ್ಟನ್ನು ಇಳಿಸಿಕೊಳ್ಳುವುದು ಕಳ್ಳತನವೆ? ಆಟವನ್ನು ಹೊರತಂದ ಸಂಸ್ಥೆಯೇ ಹಾಗೆ ಭಾವಿಸಲಿಲ್ಲ. 1997ರಿಂದ 2004ರವರೆಗೆ ಅದು ವಿಶ್ವ ಪಂದ್ಯದಲ್ಲಿ ಮೇಲೆ ಬಂದವರ ಕಟ್ಟುಗಳನ್ನು ಆಟಗಾರರ ಹೆಸರಿನೊಂದಿಗೆ ಅಚ್ಚುಹಾಕಿ ಮಾರಿತು. ಅವಕ್ಕೆ ಬಂಗಾರದ ಬಣ್ಣದ ಅಂಚು. ಪಂದ್ಯದಲ್ಲಿ ಆಡುವಂತಿಲ್ಲ, ಅಭ್ಯಾಸಕ್ಕೆ ಮಾತ್ರ. ಚದುರಂಗದಲ್ಲಿ ‘ರೂಯ್ ಲೋಪೆಜ್’ ಎಂಬ ಆರಂಭ 16ನೆಯ ಶತಮಾನದ ಸ್ಪೇನಿನ ಪಾದ್ರಿಯೊಬ್ಬರ ಹೆಸರಿನದು. ಅದನ್ನು ಆಡುವವರನ್ನು ಯಾರೂ ಕಳ್ಳರೆನ್ನುವುದಿಲ್ಲ. ನಮ್ಮಲ್ಲಿ ಸಂಗೀತ ಕಲಿಯುವವರೆಲ್ಲ ಮಾಯಾಮಾಳವಗೌಳದ ಸರಳೆ ವರಸೆಯನ್ನೇ ಮೊದಲು ಹಾಡುತ್ತಾರೆ. ಸ್ವಂತ ಕಲ್ಪನೆಯ ಸ್ವರ ಹಾಕುವುದು ಆಮೇಲಿನ ಮಾತು. ಸರಳೆ ವರಸೆ ಹಾಡುವವನನ್ನು ‘ಕಾಪಿ ಗಿರಾಕಿ’ ಎಂದು ನಗುವುದುಂಟೆ?

ಒಂದೇ ಕಟ್ಟು ಹಿಡಿದವರೆಲ್ಲ ಒಂದೇ ಆಟ ಆಡುತ್ತಾರೆಂಬುದೂ ಸುಳ್ಳು. 2000ದಲ್ಲಿ ಬ್ರಸೆಲ್ಸ್‌ನಲ್ಲಿ ನಡೆದ ವಿಶ್ವ ಪಂದ್ಯದ ಕೊನೆಯ ಸುತ್ತಿನಲ್ಲಿ ಜಾನ್ ಫಿಂಕೆಲ್ ಮತ್ತು ಬಾಬ್ ಮಹರ್ ಎದುರುಬದುರಾದರು. ಇಬ್ಬರ ಕಟ್ಟುಗಳೂ ಬಹುಮಟ್ಟಿಗೆ ಒಂದೇ. ಗೆದ್ದವರು ಫಿಂಕೆಲ್. ಯಾವ ಎಲೆಯನ್ನು ಯಾವಾಗ ಇಡಬೇಕು, ಯಾವುದನ್ನು ತಡೆಹಿಡಿಯಬೇಕು ಎಂಬುದನ್ನು ಯಾವ ಪಟ್ಟಿಯೂ ಬರೆದುಕೊಡುವುದಿಲ್ಲ.

ಕೊನೆಯದಾಗಿ, ನಮ್ಮಂಥ ಬಡ ವಿದ್ಯಾರ್ಥಿಗಳಿಗೆ ಇದು ಜೇಬಿನ ಪ್ರಶ್ನೆಯೂ ಹೌದು. ಪ್ರಸಿದ್ಧ ಕಟ್ಟುಗಳಲ್ಲಿ ಕೆಲವು ಎಲೆಗಳ ಬೆಲೆ ಒಂದು ತಿಂಗಳ ಊಟದ ಖರ್ಚನ್ನು ಮೀರುತ್ತದೆ. ಪಟ್ಟಿಯನ್ನು ಕಂಡೊಡನೆ ಮನೆಗೆ ಪತ್ರ ಬರೆದು ಹಣ ತರಿಸುವುದು ಬೇಡ. ನಾನು ಅನುಸರಿಸುವ ಕ್ರಮವನ್ನು ಹೇಳುತ್ತೇನೆ. ಡ್ರಾಯಿಂಗ್ ಶೀಟು ಕತ್ತರಿಸಿ 60 ಚೀಟಿ ಮಾಡಿ, ಗೆದ್ದ ಪಟ್ಟಿಯ ಎಲೆಗಳ ಹೆಸರನ್ನೂ ಬೆಲೆಯನ್ನೂ ಬರೆದುಕೊಳ್ಳುತ್ತೇನೆ. ಪಂದ್ಯದಲ್ಲಿ ಇವು ನಡೆಯವು. ಗೆಳೆಯರ ನಡುವೆ ಧಾರಾಳವಾಗಿ ನಡೆಯುತ್ತವೆ. ಏನನ್ನೂ ಬದಲಿಸದೆ ಇಪ್ಪತ್ತು ಆಟ ಆಡುತ್ತೇನೆ. ಆಟಕ್ಕೊಂದು ಸಾಲಿನಂತೆ ನೋಟುಬುಕ್ಕಿನಲ್ಲಿ ಗುರುತು ಹಾಕುತ್ತೇನೆ: ಯಾವ ಎಲೆ ಗೆಲ್ಲಿಸಿತು, ಯಾವುದು ಕೈಯಲ್ಲೇ ಉಳಿಯಿತು. ಆಮೇಲೆ ಒಂದೊಂದು ಎಲೆಗೂ “ನೀನು ಏಕೆ?” ಎಂಬ ಪ್ರಶ್ನೆ. ಉತ್ತರ ಸಿಗದ ಎಲೆಯನ್ನು ತೆಗೆದು ನನಗೆ ತೋಚಿದ್ದನ್ನು ಹಾಕುತ್ತೇನೆ. ಒಂದು ಸಲಕ್ಕೆ ಒಂದೋ ಎರಡೋ ಮಾತ್ರ. ಹತ್ತನ್ನು ಒಟ್ಟಿಗೆ ಬದಲಿಸಿದರೆ ಕೆಟ್ಟದ್ದು ಯಾವುದರಿಂದ, ನೆಟ್ಟಗಾದದ್ದು ಯಾವುದರಿಂದ ಎಂದು ತಿಳಿಯದು. ಹೀಗೆ ನಡೆದರೆ ಕೆಲವು ತಿಂಗಳಲ್ಲಿ ಎರವಲು ಕಟ್ಟಿನ ಅರ್ಧ ಎಲೆಗಳು ಬದಲಾಗಿರುತ್ತವೆ. ಉಳಿದರ್ಧ ಏಕೆ ಬದಲಾಗಿಲ್ಲವೆಂಬುದೂ ಗೊತ್ತಿರುತ್ತದೆ. ಆಗ ಅದನ್ನು ಎರವಲೆನ್ನಬೇಕೋ ಸ್ವಂತವೆನ್ನಬೇಕೋ ವಾಚಕರೇ ಹೇಳಲಿ.

ಮೊದಲಿಗೇ ಸ್ವಂತ ಕಟ್ಟುವವನನ್ನೂ ನಾನು ಹಳಿಯಲಾರೆ. ಶ್ನೈಡರರಂಥವರು ಎಲ್ಲರ ನಗೆಗೆ ಹೆದರಿ ಸುಮ್ಮನಿದ್ದಿದ್ದರೆ ನಮಗೆ ಇಳಿಸಿಕೊಳ್ಳಲು ಪಟ್ಟಿಗಳೇ ಇರುತ್ತಿರಲಿಲ್ಲ. ಗೆದ್ದ ಕಟ್ಟುಗಳೆಲ್ಲ ಒಂದು ಕಾಲಕ್ಕೆ ಯಾರದೋ ಸ್ವಂತ ಕಟ್ಟುಗಳೇ. ಅವನಿಗೆ ನನ್ನ ವಿನಂತಿ ಒಂದೇ: ಸೋತಾಗ ಅದೃಷ್ಟವನ್ನು ಬೈಯದೆ ನೆಲದ ಎಲೆಗಳನ್ನು ಎಣಿಸಿ ನೋಡಬೇಕು. ಇಳಿಸಿಕೊಂಡವನಿಗೂ ಒಂದೇ ವಿನಂತಿ: ಗೆದ್ದಾಗ ಬೀಗದೆ, ಗೆಲ್ಲಿಸಿದ ಎಲೆ ಅಲ್ಲಿಗೆ ಹೇಗೆ ಬಂತೆಂದು ವಿಚಾರಿಸಬೇಕು. ಬೇರೆಯವರ ಬುದ್ಧಿಯನ್ನು ಎರವಲು ತರುವುದರಲ್ಲಿ ನಾಚಿಕೆಯೇನೂ ಇಲ್ಲ. ವಿದ್ಯೆಯೆಲ್ಲ ಎರವಲಿನಿಂದಲೇ ಮೊದಲಾಗುತ್ತದೆ. ತಂದದ್ದನ್ನು ಬಿಚ್ಚಿ ನೋಡದೆ ಹಾಗೆಯೇ ಇಟ್ಟುಕೊಂಡರೆ ಮಾತ್ರ ಅದು ಕೊನೆಯವರೆಗೂ ಎರವಲಾಗಿಯೇ ಉಳಿಯುತ್ತದೆ.