ಬೇಲಿಯೇ ಎದ್ದು ಹೊಲ ಮೇಯ್ದ 78 ನಿಮಿಷ

2024ರ ಜುಲೈ 19, ಶುಕ್ರವಾರ. ಭಾರತೀಯ ಕಾಲಮಾನ ಬೆಳಗಿನ 9 ಗಂಟೆ 39 ನಿಮಿಷ. ಕಚೇರಿಗಳ ಬಾಗಿಲು ತೆರೆದು, ನೌಕರರು ಕಾಫಿ ಮುಗಿಸಿ ಕಂಪ್ಯೂಟರ್‌ಗಳ ಮುಂದೆ ಕೂರುವ ಹೊತ್ತು. ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್‌ನಲ್ಲಿ ಕೇಂದ್ರ ಕಚೇರಿ ಹೊಂದಿರುವ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶ ಸಂಸ್ಥೆ ಆ ನಿಮಿಷದಲ್ಲಿ ಜಗತ್ತಿನಾದ್ಯಂತ ಇರುವ ತನ್ನ ಗ್ರಾಹಕರಿಗೆ ಪುಟ್ಟದೊಂದು ಕಡತವನ್ನು ರವಾನಿಸಿತು. ಅದನ್ನು ಪಡೆದ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಕುಸಿದವು. ತಾವಾಗಿಯೇ ಮತ್ತೆ ಏಳಲು ಯತ್ನಿಸಿದವು, ಮತ್ತೆ ಕುಸಿದವು. 10 ಗಂಟೆ 57 ನಿಮಿಷಕ್ಕೆ ಸಂಸ್ಥೆ ಆ ಕಡತವನ್ನು ಹಿಂತೆಗೆದುಕೊಂಡಿತು. ನಡುವಿನ ಅವಧಿ 78 ನಿಮಿಷ. ಅಷ್ಟರಲ್ಲಿ, ಮೈಕ್ರೋಸಾಫ್ಟ್ ನೀಡಿದ ಅಂದಾಜಿನಂತೆ, 85 ಲಕ್ಷ ಯಂತ್ರಗಳು ನೆಲ ಕಚ್ಚಿದ್ದವು.

85 ಲಕ್ಷ ಎಂದರೆ ಜಗತ್ತಿನ ಒಟ್ಟು ವಿಂಡೋಸ್ ಯಂತ್ರಗಳ ಪೈಕಿ ಶೇ. 1ಕ್ಕಿಂತಲೂ ಕಡಿಮೆ. ಮನೆಯ ಕಂಪ್ಯೂಟರ್‌ಗಳಿಗೆ ಇದರ ಬಿಸಿ ತಟ್ಟಲಿಲ್ಲ. ಏಕೆಂದರೆ ಕ್ರೌಡ್‌ಸ್ಟ್ರೈಕ್‌ನ ‘ಫಾಲ್ಕನ್’ ಎಂಬ ತಂತ್ರಾಂಶ ಮಾರಾಟವಾಗುವುದು ಮುಖ್ಯವಾಗಿ ಸಂಸ್ಥೆಗಳಿಗೆ: ವಿಮಾನಯಾನ ಕಂಪನಿಗಳಿಗೆ, ಬ್ಯಾಂಕುಗಳಿಗೆ, ಆಸ್ಪತ್ರೆಗಳಿಗೆ. ಪೆಟ್ಟಿನ ಭಾರಕ್ಕೆ ಕಾರಣವೂ ಇದೇ. ಬ್ರಿಟನ್ನಿನಲ್ಲಿ ಸ್ಕೈ ನ್ಯೂಸ್ ವಾಹಿನಿಯ ನೇರ ಪ್ರಸಾರ ನಿಂತಿತು. ಇಂಗ್ಲೆಂಡಿನ ಬಹುಪಾಲು ಕುಟುಂಬ ವೈದ್ಯರ ಚಿಕಿತ್ಸಾಲಯಗಳಲ್ಲಿ ರೋಗಿಗಳ ದಾಖಲೆ ತೆರೆಯಲಾಗದೆ, ವೈದ್ಯರು ಕಾಗದ, ಲೇಖನಿಗಳಿಗೆ ಮರಳಿದರು. ಅಮೆರಿಕದ ಬಾಸ್ಟನ್ ಪ್ರದೇಶದ ದೊಡ್ಡ ಆಸ್ಪತ್ರೆ ಸಮೂಹವೊಂದು ಆ ದಿನದ ತುರ್ತಲ್ಲದ ಶಸ್ತ್ರಚಿಕಿತ್ಸೆಗಳನ್ನೆಲ್ಲ ರದ್ದುಪಡಿಸಿತು. ಅಲಾಸ್ಕಾದಲ್ಲಿ ತುರ್ತು ಕರೆಯ 911 ಸೇವೆಯೇ ಹಲವೆಡೆ ಏರುಪೇರಾಯಿತು.

ನಮ್ಮಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ವಿಮಾನ ನಿಲ್ದಾಣಗಳ ಸಾಲು. ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ನಿಲ್ದಾಣವೂ ಸೇರಿದಂತೆ ದೇಶದ ಪ್ರಮುಖ ನಿಲ್ದಾಣಗಳಲ್ಲಿ ಇಂಡಿಗೋ, ಆಕಾಶ, ಸ್ಪೈಸ್‌ಜೆಟ್ ಮೊದಲಾದ ಸಂಸ್ಥೆಗಳ ಚೆಕ್-ಇನ್ ವ್ಯವಸ್ಥೆ ಕೈಕೊಟ್ಟಿತು. ಕೈಬರಹದ ಬೋರ್ಡಿಂಗ್ ಪಾಸ್‌ಗಳು ಬಂದವು. ಬೆರಳಚ್ಚಿನಷ್ಟೇ ಅಚ್ಚುಕಟ್ಟಾಗಿ ಬರೆದ ಒಂದೆರಡು ಚೀಟಿಗಳ ಚಿತ್ರಗಳು ಅಂತರ್ಜಾಲದಲ್ಲಿ ಜನಪ್ರಿಯವೂ ಆದವು. ಇಂಡಿಗೋ ಒಂದೇ ಸಂಸ್ಥೆ ಸುಮಾರು 200 ಹಾರಾಟಗಳನ್ನು ಕೈಬಿಟ್ಟಿತು. ಹಣಕಾಸು ವಲಯ ಮಾತ್ರ ಹೆಚ್ಚು ನಲುಗಲಿಲ್ಲ. ಹತ್ತು ಬ್ಯಾಂಕ್ ಮತ್ತು ಬ್ಯಾಂಕೇತರ ಸಂಸ್ಥೆಗಳಲ್ಲಿ ಸಣ್ಣಪುಟ್ಟ ತೊಂದರೆಯಾಗಿದೆಯೆಂದು ರಿಸರ್ವ್ ಬ್ಯಾಂಕ್ ತಿಳಿಸಿತು. ಸರ್ಕಾರಿ ಜಾಲವನ್ನು ನಿರ್ವಹಿಸುವ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರಕ್ಕೆ ಧಕ್ಕೆಯಾಗಿಲ್ಲವೆಂದು ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ ಹೇಳಿದರು.

ಸೈಬರ್ ದಾಳಿ ನಡೆದಿದೆಯೆಂಬ ಗುಮಾನಿ ಆ ಬೆಳಿಗ್ಗೆ ಎಲ್ಲೆಡೆ ಹಬ್ಬಿತ್ತು. ಅದಕ್ಕೆ ಸ್ವಲ್ಪ ಮೊದಲು ಅಮೆರಿಕದ ಮಧ್ಯಭಾಗದಲ್ಲಿ ಮೈಕ್ರೋಸಾಫ್ಟ್‌ನ ಅಜೂರ್ ಕ್ಲೌಡ್ ಸೇವೆಯೂ ಕೆಟ್ಟಿದ್ದರಿಂದ ಗೊಂದಲ ಇಮ್ಮಡಿಯಾಯಿತು. ಅದು ಬೇರೆಯೇ ಪ್ರಕರಣ. ದಾಳಿಯನ್ನು ತಡೆಯಲೆಂದು ಹಣ ಕೊಟ್ಟು ಕೂರಿಸಿಕೊಂಡ ಕಾವಲುಗಾರನೇ ಮನೆಯವರನ್ನು ಹೊರಗೆ ನಿಲ್ಲಿಸಿ ಬೀಗ ಜಡಿದನೆಂಬುದು ತಿಳಿದದ್ದು ಮಧ್ಯಾಹ್ನದ ವೇಳೆಗೆ.

ಗರ್ಭಗುಡಿಯೊಳಗಿನ ಕಾವಲುಗಾರ

ಒಂದು ತಂತ್ರಾಂಶ ಕೆಟ್ಟರೆ ಇಡೀ ಕಂಪ್ಯೂಟರ್ ಏಕೆ ನಿಲ್ಲಬೇಕು? ಪತ್ರ ಟೈಪಿಸುವಾಗ ವರ್ಡ್ ಸ್ಥಗಿತಗೊಂಡರೆ ನಾವು ಅದನ್ನು ಮುಚ್ಚಿ ಮತ್ತೆ ತೆರೆಯುತ್ತೇವೆ. ಉಳಿದ ಕೆಲಸಗಳು ನಡೆದೇ ಇರುತ್ತವೆ. ಕಾರ್ಯಾಚರಣ ವ್ಯವಸ್ಥೆಯನ್ನು ದೇವಸ್ಥಾನಕ್ಕೆ ಹೋಲಿಸಿದರೆ, ವರ್ಡ್‌ನಂತಹ ತಂತ್ರಾಂಶಗಳು ಪ್ರಾಂಗಣದಲ್ಲಿ ನಿಂತ ಭಕ್ತರು. ಒಬ್ಬರು ತಲೆಸುತ್ತಿ ಬಿದ್ದರೆ ಪೂಜೆ ನಿಲ್ಲುವುದಿಲ್ಲ. ಆದರೆ ವಿಂಡೋಸ್‌ಗೊಂದು ಗರ್ಭಗುಡಿಯಿದೆ. ಅದರ ಹೆಸರು ಕರ್ನಲ್. ಸ್ಮೃತಿಕೋಶ, ಡಿಸ್ಕ್, ಸಂಸ್ಕಾರಕಗಳೆಲ್ಲ ನೇರವಾಗಿ ಅದರ ಸುಪರ್ದಿಯಲ್ಲಿವೆ. ಅಲ್ಲಿ ಯಾರಾದರೂ ತಪ್ಪು ಹೆಜ್ಜೆಯಿಟ್ಟರೆ, ದತ್ತಾಂಶ ಹಾಳಾಗುವ ಮುನ್ನ ಎಲ್ಲವನ್ನೂ ನಿಲ್ಲಿಸಿಬಿಡುವುದೇ ಕ್ಷೇಮವೆಂದು ವಿಂಡೋಸ್ ಭಾವಿಸುತ್ತದೆ. ನೀಲಿ ಪರದೆಯ ಅರ್ಥ ಅಷ್ಟೇ.

ಕಳ್ಳ ತಂತ್ರಾಂಶಗಳು ಗರ್ಭಗುಡಿಗೇ ಕನ್ನ ಹಾಕಲು ಯತ್ನಿಸುವುದರಿಂದ ಭದ್ರತಾ ತಂತ್ರಾಂಶಗಳೂ ಅಲ್ಲೇ ಕಾವಲು ಕೂರುತ್ತವೆ. ಫಾಲ್ಕನ್‌ನ ಒಂದು ಭಾಗವೂ ಹಾಗೆಯೇ. ಕಂಪ್ಯೂಟರ್ ಎದ್ದೇಳುವಾಗಲೇ ಅದು ಚಾಲನೆಗೊಳ್ಳುತ್ತದೆ. ತಾನು ಏಳುವ ಮುನ್ನ ಕಳ್ಳ ಒಳಹೊಕ್ಕಿರಬಾರದಲ್ಲ! ಕುಸಿದ ಯಂತ್ರ ಮತ್ತೆ ಎದ್ದೊಡನೆ ಅದೇ ಕಡತವನ್ನು ಮತ್ತೆ ಓದಿ ಮತ್ತೆ ಕುಸಿಯುತ್ತಿದ್ದುದಕ್ಕೆ ಇದೇ ಕಾರಣ.

ಇಪ್ಪತ್ತೊಂದನೆಯ ಕಲಂ

ಕ್ರೌಡ್‌ಸ್ಟ್ರೈಕ್ 2024ರ ಆಗಸ್ಟ್ 6ರಂದು ಪ್ರಕಟಿಸಿದ ಮೂಲ ಕಾರಣಗಳ ವರದಿಯಲ್ಲಿ ದೋಷದ ಜಾತಕವೇ ಇದೆ. ವಿಂಡೋಸ್‌ನಲ್ಲಿ ಒಂದು ಪ್ರಕ್ರಿಯೆ ಇನ್ನೊಂದರೊಂದಿಗೆ ಮಾತನಾಡಲು ‘ನೇಮ್ಡ್ ಪೈಪ್’ ಎಂಬ ಮಾರ್ಗವನ್ನು ಬಳಸುತ್ತದೆ. ದಾಳಿಕೋರರೂ ಇದನ್ನು ದುರ್ಬಳಕೆ ಮಾಡಿಕೊಳ್ಳುವುದುಂಟು. ಇದನ್ನು ಪತ್ತೆ ಹಚ್ಚುವ ಸಾಮರ್ಥ್ಯವನ್ನು ಸಂಸ್ಥೆ 2024ರ ಫೆಬ್ರವರಿಯಲ್ಲಿ ಫಾಲ್ಕನ್‌ಗೆ ಸೇರಿಸಿತು.

ಸರ್ಕಾರಿ ಕಚೇರಿಯೊಂದರ ಗುಮಾಸ್ತರನ್ನು ಊಹಿಸಿಕೊಳ್ಳಿ. ಪ್ರತಿ ಅರ್ಜಿಯ ಜತೆ ಅವರ ಮೇಜಿಗೆ 20 ದಾಖಲೆಗಳ ಕಟ್ಟು ಬರುತ್ತದೆ. ಅವರ ಕೈಲಿರುವ ಸೂಚನಾ ಪಟ್ಟಿಯಲ್ಲಿ ಮಾತ್ರ 21 ಕಲಂಗಳಿವೆ. ಅಷ್ಟು ದಿನ ಬಂದ ಸೂಚನೆಗಳಲ್ಲೆಲ್ಲ 21ನೆಯ ಕಲಂ ಎದುರು ‘ಏನಿದ್ದರೂ ಸರಿ’ ಎಂದೇ ಬರೆದಿತ್ತು. ಹಾಗಾಗಿ ಅವರು ಆ ದಾಖಲೆಯನ್ನು ಹುಡುಕುವ ಗೋಜಿಗೇ ಹೋಗಿರಲಿಲ್ಲ. ಜುಲೈ 19ರ ಸೂಚನೆ ಮೊದಲ ಬಾರಿಗೆ ‘21ನೆಯ ದಾಖಲೆಯನ್ನೂ ಓದಿ ತಾಳೆ ನೋಡು’ ಎಂದಿತು. ಇಲ್ಲದ ದಾಖಲೆಗೆ ಗುಮಾಸ್ತರು ಕೈಚಾಚಿದರು. ಕೈ ತನ್ನ ಮೇಜಿನ ಅಂಚು ದಾಟಿತು. ಕಂಪ್ಯೂಟರ್ ಭಾಷೆಯಲ್ಲಿ, ತನಗೆ ಮೀಸಲಾಗದ ಸ್ಮೃತಿಕೋಶದ ಭಾಗವನ್ನು ಓದಲು ಫಾಲ್ಕನ್ ಯತ್ನಿಸಿತು. ಪ್ರಾಂಗಣದಲ್ಲಾಗಿದ್ದರೆ ಆ ಒಂದು ತಂತ್ರಾಂಶವಷ್ಟೇ ಸಾಯುತ್ತಿತ್ತು. ಗರ್ಭಗುಡಿಯಲ್ಲಾದ್ದರಿಂದ ಇಡೀ ಯಂತ್ರ ನಿಂತಿತು.

ಕಳುಹಿಸುವ ಮುನ್ನ ಯಾರೂ ನೋಡಲಿಲ್ಲವೇ? ನೋಡಿದ್ದರು, ನೋಡಿದ್ದು ಯಂತ್ರ. ಸೂಚನಾ ಕಡತಗಳನ್ನು ಪರಿಶೀಲಿಸುವ ಸ್ವಯಂಚಾಲಿತ ಪರೀಕ್ಷಕವೂ 21 ದಾಖಲೆಗಳು ಬರುತ್ತವೆಂದೇ ನಂಬಿತ್ತು. ಮಾರ್ಚ್‌ನಲ್ಲಿ ನಡೆದ ಪರೀಕ್ಷೆಯಲ್ಲಿ, ಏಪ್ರಿಲ್‌ನಲ್ಲಿ ಕಳುಹಿಸಿದ ಇದೇ ಬಗೆಯ ಕಡತಗಳಲ್ಲಿ ‘ಏನಿದ್ದರೂ ಸರಿ’ ಎಂಬುದೇ ಇದ್ದುದರಿಂದ ಎಲ್ಲವೂ ಸುಸೂತ್ರವಾಗಿ ನಡೆದಿತ್ತು. ಆ ವಿಶ್ವಾಸದ ಮೇಲೆ ಜುಲೈ 19ರ ಕಡತ ನೇರವಾಗಿ ಹೊರಟಿತು. ಮೊದಲು ತಮ್ಮದೇ ಕಚೇರಿಯ ನಾಲ್ಕು ಯಂತ್ರಗಳಲ್ಲಿ ಹಾಕಿ ನೋಡಿದ್ದರೂ ಸಾಕಿತ್ತು ಎಂದು ಯಾರಿಗಾದರೂ ಅನ್ನಿಸದಿರದು.

ಇಲ್ಲಿ ಗ್ರಾಹಕರು ಗಮನಿಸದಿದ್ದ ಸಂಗತಿಯೊಂದಿದೆ. ಎಚ್ಚರಿಕೆಯ ಸಂಸ್ಥೆಗಳು ಫಾಲ್ಕನ್‌ನ ಹೊಸ ಆವೃತ್ತಿಯನ್ನು ಬಂದ ಕೂಡಲೇ ಹಾಕಿಕೊಳ್ಳುವುದಿಲ್ಲ. ಒಂದೋ ಎರಡೋ ಆವೃತ್ತಿ ಹಿಂದೆಯೇ ಉಳಿಯುತ್ತವೆ. ಕ್ರೌಡ್‌ಸ್ಟ್ರೈಕ್ ಸಹ ಅದಕ್ಕೆ ಅವಕಾಶ ಕೊಟ್ಟಿತ್ತು. ಆದರೆ ಆ ಅವಕಾಶವಿದ್ದದ್ದು ತಂತ್ರಾಂಶದ ಆವೃತ್ತಿಗೆ ಮಾತ್ರ. ಹೊಸ ಬಗೆಯ ದಾಳಿಗಳನ್ನು ಗುರುತಿಸಲು ಆಗಾಗ ಕಳುಹಿಸುವ ಸೂಚನಾ ಕಡತಗಳು ಬೇರೆ ಬಾಗಿಲಿನಿಂದ, ಎಲ್ಲರಿಗೂ ಒಮ್ಮೆಗೇ, ಕೇಳದೆಯೇ ಬರುತ್ತಿದ್ದವು. ಅವು ತಂತ್ರಾಂಶವಲ್ಲ, ಬರೀ ದತ್ತಾಂಶ ಎಂಬುದು ಸಂಸ್ಥೆಯ ಲೆಕ್ಕಾಚಾರ. ಗರ್ಭಗುಡಿಯೊಳಗಿನ ಗುಮಾಸ್ತರಿಗೆ ಆ ಭೇದ ತಿಳಿಯುವುದೆಂತು? ಎಚ್ಚರ ವಹಿಸಿದವರೂ ವಹಿಸದವರೂ ಆ ದಿನ ಒಂದೇ ದೋಣಿಯಲ್ಲಿ ಕುಳಿತರು.

ಔಷಧ ಸರಳ, ಕುಡಿಸುವುದೇ ಕಷ್ಟ

ಪರಿಹಾರ ಕೆಲವೇ ಗಂಟೆಗಳಲ್ಲಿ ಸಿಕ್ಕಿತು. ಯಂತ್ರವನ್ನು ಸೇಫ್ ಮೋಡ್‌ನಲ್ಲಿ ಎಬ್ಬಿಸಿ, ಕ್ರೌಡ್‌ಸ್ಟ್ರೈಕ್ ಫೋಲ್ಡರ್‌ನಲ್ಲಿರುವ 291 ಸಂಖ್ಯೆಯ ಆ ಕಡತವನ್ನು ಅಳಿಸಿದರೆ ಮುಗಿಯಿತು. ಒಂದು ಯಂತ್ರಕ್ಕೆ ಕೆಲವು ನಿಮಿಷಗಳ ಕೆಲಸ.

ಆದರೆ ವಿಷ ಹೋದ ದಾರಿಯಲ್ಲಿ ಔಷಧ ಹೋಗುವಂತಿರಲಿಲ್ಲ. ಕಡತ ಅಂತರ್ಜಾಲದ ಮೂಲಕ ಕ್ಷಣದಲ್ಲಿ ಲಕ್ಷಾಂತರ ಯಂತ್ರಗಳನ್ನು ಸೇರಿತ್ತು. ಕುಸಿದ ಯಂತ್ರಗಳೋ, ಅಂತರ್ಜಾಲದ ಸಂಪರ್ಕಕ್ಕೆ ಬರುವ ಮೊದಲೇ ಮತ್ತೆ ಕುಸಿಯುತ್ತಿದ್ದವು. ಪ್ರತಿಯೊಂದರ ಮುಂದೆಯೂ ಒಬ್ಬ ಮನುಷ್ಯ ಹೋಗಿ ನಿಲ್ಲಬೇಕಾಯಿತು. ಬೆಂಗಳೂರಿನಲ್ಲಿ ಕುಳಿತು ಕಡಲಾಚೆಯ ಕಚೇರಿಗಳ ಕಂಪ್ಯೂಟರ್ ಸರಿಪಡಿಸಿಕೊಡುವುದು ಇಲ್ಲಿನ ಸಾವಿರಾರು ತಂತ್ರಜ್ಞರ ನಿತ್ಯದ ಕಾಯಕ. ತಾನೇ ಏಳಲಾರದ ಯಂತ್ರದ ಮುಂದೆ ಆ ದೂರದ ಕೈಗಳಿಗೂ ಕೆಲಸವಿರಲಿಲ್ಲ. ಫೋನಿನಲ್ಲಿ ಹೇಳಿಕೊಟ್ಟು, ಅತ್ತಲಿನವರ ಬೆರಳುಗಳಿಂದಲೇ ಮಾಡಿಸಬೇಕಿತ್ತು.

ಅದರ ಮೇಲೆ ಬಿಟ್‌ಲಾಕರ್. ಕದ್ದ ಕಂಪ್ಯೂಟರಿನ ಮಾಹಿತಿ ಕಳ್ಳನಿಗೆ ದಕ್ಕದಿರಲೆಂದು ಸಂಸ್ಥೆಗಳು ಡಿಸ್ಕನ್ನು ಗೂಢಲಿಪಿಯಲ್ಲಿ ಮುಚ್ಚಿಟ್ಟಿರುತ್ತವೆ. ಸೇಫ್ ಮೋಡ್‌ಗೆ ಹೋಗಬೇಕಾದರೆ ಪ್ರತಿ ಯಂತ್ರಕ್ಕೂ ಪ್ರತ್ಯೇಕವಾದ 48 ಅಂಕಿಗಳ ಕೀಲಿಯನ್ನು ಟೈಪಿಸಬೇಕು. ಕೆಲವೆಡೆ ಆ ಕೀಲಿಗಳನ್ನು ಜೋಪಾನ ಮಾಡಿದ್ದ ಸರ್ವರ್‌ಗಳೇ ನೀಲಿ ಪರದೆ ತೊಟ್ಟು ಕುಳಿತಿದ್ದವು! ಕ್ಲೌಡ್‌ನಲ್ಲಿದ್ದ ಯಂತ್ರಗಳನ್ನು ಮತ್ತೆ ಮತ್ತೆ ಚಾಲನೆ ಮಾಡಿ ನೋಡಿರಿ, ಕೆಲವರು 15 ಬಾರಿಯವರೆಗೂ ಹಾಗೆ ಮಾಡಬೇಕಾಯಿತು ಎಂದು ಮೈಕ್ರೋಸಾಫ್ಟ್ ಸಲಹೆ ನೀಡಿತು. ಇದು ತಂತ್ರಜ್ಞಾನಕ್ಕಿಂತ ಹರಕೆಗೆ ಹತ್ತಿರವಾದ ಚಿಕಿತ್ಸೆ.

ಈ ಗಡಿಬಿಡಿಯಲ್ಲಿ ‘ನಾವು ಸರಿಪಡಿಸಿಕೊಡುತ್ತೇವೆ’ ಎನ್ನುವ ನಕಲಿ ಜಾಲತಾಣಗಳೂ ತಲೆಯೆತ್ತಿದವು. ಪರಿಹಾರ ಎಂಬ ಹೆಸರಿನ ಕಡತದಲ್ಲಿ ವಂಚಕರು ಕಳ್ಳ ತಂತ್ರಾಂಶವನ್ನೇ ಹಂಚಿದರು.

ಹೆಚ್ಚು ದಿನ ನರಳಿದ್ದು ಅಮೆರಿಕದ ಡೆಲ್ಟಾ ಏರ್‌ಲೈನ್ಸ್. ಐದು ದಿನಗಳಲ್ಲಿ ಸುಮಾರು 7,000 ಹಾರಾಟಗಳು ರದ್ದಾದವು. ಕಂಪ್ಯೂಟರ್‌ಗಳು ಎದ್ದ ಮೇಲೂ, ಯಾವ ಪೈಲಟ್ ಯಾವ ಊರಿನಲ್ಲಿದ್ದಾರೆಂದು ಲೆಕ್ಕವಿಡುವ ವ್ಯವಸ್ಥೆ ಬಾಕಿಯ ರಾಶಿಯಡಿ ಹೂತುಹೋಗಿತ್ತು. 40,000 ಸರ್ವರ್‌ಗಳನ್ನು ಕೈಯಾರೆ ಸರಿಪಡಿಸಬೇಕಾಯಿತೆಂದೂ 50 ಕೋಟಿ ಡಾಲರ್ ನಷ್ಟವಾಯಿತೆಂದೂ ಸಂಸ್ಥೆಯ ಮುಖ್ಯಸ್ಥ ಎಡ್ ಬಾಸ್ಟಿಯನ್ ಹೇಳಿದರು. ಡೆಲ್ಟಾ 2024ರ ಅಕ್ಟೋಬರ್‌ನಲ್ಲಿ ಜಾರ್ಜಿಯಾ ರಾಜ್ಯದ ನ್ಯಾಯಾಲಯದ ಮೆಟ್ಟಿಲೇರಿತು; ದಾವೆಯ ಬಹುಭಾಗ ಮುಂದುವರಿಯಬಹುದೆಂದು 2025ರ ಮೇ ತಿಂಗಳಲ್ಲಿ ನ್ಯಾಯಾಧೀಶರು ಹೇಳಿದರು. ಒಪ್ಪಂದದ ಪ್ರಕಾರ ತನ್ನ ಹೊಣೆ ಹತ್ತು ದಶಲಕ್ಷ ಡಾಲರಿಗೂ ಒಳಗೇ ಎಂಬುದು ಕ್ರೌಡ್‌ಸ್ಟ್ರೈಕ್ ವಾದ. ತಂತ್ರಾಂಶ ಕೊಳ್ಳುವಾಗ ಯಾರೂ ಓದದೆ ‘ಒಪ್ಪಿದೆ’ ಎಂದು ಒತ್ತುವ ಷರತ್ತುಗಳ ಬೆಲೆ ತಿಳಿಯುವುದು ಇಂತಹ ಹೊತ್ತಿನಲ್ಲೇ. ವಿಮಾನ ತಪ್ಪಿ ನಿಲ್ದಾಣದ ನೆಲದ ಮೇಲೆ ರಾತ್ರಿ ಕಳೆದವರ ಹೆಸರಂತೂ ಆ ಒಪ್ಪಂದದಲ್ಲಿ ಎಲ್ಲಿಯೂ ಇಲ್ಲ.

ಹಳೆಯ ಪಾಠ

ಇಂಥದ್ದು ಇದೇ ಮೊದಲಲ್ಲ. 2010ರ ಏಪ್ರಿಲ್ 21ರಂದು ಮ್ಯಾಕಫೀ ಸಂಸ್ಥೆಯ ವೈರಸ್ ನಿರೋಧಕ, ವಿಂಡೋಸ್ ಎಕ್ಸ್‌ಪಿಯ ಅತ್ಯಗತ್ಯ ಕಡತವೊಂದನ್ನೇ ವೈರಸ್ ಎಂದು ತಿಳಿದು ಬಂಧಿಸಿಟ್ಟಿತ್ತು. ಆಗಲೂ ಯಂತ್ರಗಳು ಎದ್ದು ಬಿದ್ದು, ಎದ್ದು ಬಿದ್ದು ಕಂಗೆಟ್ಟಿದ್ದವು. ಆಗಲೂ ತಂತ್ರಜ್ಞರು ಮೇಜಿನಿಂದ ಮೇಜಿಗೆ ಅಲೆದಿದ್ದರು. ಆಗ ಮ್ಯಾಕಫೀಯ ಮುಖ್ಯ ತಂತ್ರಜ್ಞಾನ ಅಧಿಕಾರಿಯಾಗಿದ್ದವರು ಜಾರ್ಜ್ ಕರ್ಟ್ಜ್. ಮರುವರ್ಷ ಅವರು ಕ್ರೌಡ್‌ಸ್ಟ್ರೈಕ್ ಸ್ಥಾಪಕರಲ್ಲಿ ಒಬ್ಬರಾದರು. 2024ರ ಜುಲೈ 19ರಂದು ಅದರ ಮುಖ್ಯಸ್ಥರಾಗಿ ದೂರದರ್ಶನದಲ್ಲಿ ಕ್ಷಮೆ ಕೇಳಿದವರೂ ಅವರೇ.

ಹಾಗಾದರೆ ಅಪ್‌ಡೇಟ್‌ಗಳನ್ನೇ ನಿಲ್ಲಿಸಿಬಿಡೋಣವೇ ಎಂದರೆ, ಅದಕ್ಕೂ ಉತ್ತರ ಬ್ರಿಟನ್ನಿನ ಅದೇ ಆರೋಗ್ಯ ಸೇವೆಯಲ್ಲಿದೆ. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್‌ನ ಬಿರುಕೊಂದಕ್ಕೆ ತೇಪೆ ಬಿಡುಗಡೆ ಮಾಡಿತ್ತು. ಅದನ್ನು ಹಾಕಿಕೊಳ್ಳದಿದ್ದ ಯಂತ್ರಗಳನ್ನು ಎರಡು ತಿಂಗಳೊಳಗೆ, ಮೇ 12ರಂದು, ‘ವಾನಾಕ್ರೈ’ ಎಂಬ ಒತ್ತೆ ತಂತ್ರಾಂಶ ಕಬಳಿಸಿತು. ಇಂಗ್ಲೆಂಡಿನ ಆಸ್ಪತ್ರೆಗಳು ರೋಗಿಗಳನ್ನು ಬೇರೆಡೆಗೆ ಕಳುಹಿಸಬೇಕಾಯಿತು. ಅಂದು ತಡ ಮಾಡಿದ್ದಕ್ಕೆ ತೆತ್ತ ಬೆಲೆ, 2024ರಲ್ಲಿ ಆತುರಪಟ್ಟದ್ದಕ್ಕೆ.

ಗರ್ಭಗುಡಿಯೊಳಗೆ ಹೊರಗಿನವರನ್ನು ಬಿಟ್ಟುಕೊಂಡದ್ದೇ ತಪ್ಪೆಂಬ ವಾದವೂ ಇದೆ. ಆಪಲ್ ತನ್ನ ಮ್ಯಾಕ್ ಯಂತ್ರಗಳಲ್ಲಿ 2020ರ ಹೊತ್ತಿಗೆ ಆ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು. ಪ್ರತಿಸ್ಪರ್ಧಿ ಭದ್ರತಾ ಸಂಸ್ಥೆಗಳಿಗೂ ತನಗಿರುವಷ್ಟೇ ಪ್ರವೇಶ ಕೊಡಬೇಕೆಂದು 2009ರಲ್ಲಿ ಐರೋಪ್ಯ ಆಯೋಗದೊಡನೆ ಆದ ಒಡಂಬಡಿಕೆಯಿಂದಾಗಿ ತನಗದು ಸಾಧ್ಯವಾಗಲಿಲ್ಲವೆಂದು ಮೈಕ್ರೋಸಾಫ್ಟ್ ಹೇಳಿಕೊಂಡಿತು. ಈ ಮಾತಿನಲ್ಲಿ ಅರ್ಧ ಸತ್ಯವಷ್ಟೇ ಇದೆ. ತನ್ನದೇ ಭದ್ರತಾ ತಂತ್ರಾಂಶವನ್ನೂ ಹೊರಗೆ ಕೂರಿಸಿ ಎಲ್ಲರಿಗೂ ಸಮಾನ ಸೌಲಭ್ಯ ಕಲ್ಪಿಸುವುದನ್ನು ಯಾರೂ ತಡೆದಿರಲಿಲ್ಲ. ಆ ದಿಕ್ಕಿನ ಹೆಜ್ಜೆಯನ್ನು ಕಂಪನಿ ಇಟ್ಟದ್ದು ದುರಂತದ ಬಳಿಕ. ಭದ್ರತಾ ತಂತ್ರಾಂಶಗಳು ಕರ್ನಲ್‌ನ ಹೊರಗಿದ್ದೇ ಕಾವಲು ಕಾಯುವ ವ್ಯವಸ್ಥೆಯನ್ನು ಪರೀಕ್ಷೆಗಾಗಿ ಆಯ್ದ ಸಂಸ್ಥೆಗಳಿಗೆ ಕೊಡುವುದಾಗಿ 2025ರಲ್ಲಿ ಪ್ರಕಟಿಸಿತು.

ಕ್ರೌಡ್‌ಸ್ಟ್ರೈಕ್ ಕೂಡ ರೀತಿ ಬದಲಿಸಿತು. 2024ರ ಸೆಪ್ಟೆಂಬರ್ 24ರಂದು ಅಮೆರಿಕ ಸಂಸತ್ತಿನ ಉಪಸಮಿತಿಯ ಮುಂದೆ ಹಾಜರಾದ ಸಂಸ್ಥೆಯ ಹಿರಿಯ ಉಪಾಧ್ಯಕ್ಷ ಆಡಂ ಮೇಯರ್ಸ್ ಕ್ಷಮೆ ಯಾಚಿಸಿ, ಸೂಚನಾ ಕಡತಗಳು ಇನ್ನು ಮುಂದೆ ಹಂತ ಹಂತವಾಗಿ ಹೋಗುತ್ತವೆಂದು ವಿವರಿಸಿದರು. ಮೊದಲು ಸಂಸ್ಥೆಯ ಸ್ವಂತ ಯಂತ್ರಗಳು, ಆಮೇಲೆ ಮುಂದಾಗಿ ಪಡೆಯಲು ಒಪ್ಪಿದ ಗ್ರಾಹಕರು, ಕೊನೆಗೆ ಉಳಿದವರು. ಯಾವ ಯಂತ್ರ ಯಾವ ಸಾಲಿನಲ್ಲಿರಬೇಕೆಂಬ ಆಯ್ಕೆ ಈಗ ಗ್ರಾಹಕರದ್ದು. ತುರ್ತು ಚಿಕಿತ್ಸಾ ಘಟಕದ ಕಂಪ್ಯೂಟರನ್ನು ಮೊದಲ ಸಾಲಿನಲ್ಲಿ ನಿಲ್ಲಿಸಿದರೆ, ಇನ್ನೊಂದು 21ನೆಯ ಕಲಂ ಬಂದಾಗ ಅದೇ ಮೊದಲು ಕುಸಿಯುತ್ತದೆ. ಕೊನೆಯ ಸಾಲಿಗೆ ಸರಿಸಿದರೆ, ಹೊಸ ದಾಳಿಯ ಗುರುತು ತಲುಪುವವರೆಗಿನ ಹೊತ್ತು ಅದರ ಬಾಗಿಲಿಗೆ ಕಾವಲಿರುವುದಿಲ್ಲ. ಆಸ್ಪತ್ರೆಯ ತಂತ್ರಜ್ಞರು ಪಟ್ಟಿ ಹಿಡಿದು, ಒಂದೊಂದೇ ಯಂತ್ರದ ಮುಂದೆ ಅದನ್ನು ತೀರ್ಮಾನಿಸಬೇಕಾಗಿದೆ.