ವ್ಯಾನಿನ ಹಿಂಬದಿಗೆ ಕಿಟಕಿ ಬೇಕೆ?

ಹೋಂಸ್ಟೇ ನಡೆಸುವ ಕೆಲವು ಸದಸ್ಯರು ಮುಚ್ಚಿದ ವ್ಯಾನನ್ನು ಮಲಗುವ ಗಾಡಿಯಾಗಿ ಮಾರ್ಪಡಿಸುವ ವಿಚಾರದಲ್ಲಿದ್ದಾರೆ. ಹಿಂಬಾಗಿಲಿಗೆ ಗಾಜು ಕೂರಿಸಬೇಕೆ ಎಂಬುದು ಅವರ ಪ್ರಶ್ನೆ.

ಗಾಜಿದ್ದರೆ ಒಳಗೆ ಬೆಳಕು ಬರುತ್ತದೆ. ತೋಟದ ಇಕ್ಕಟ್ಟು ದಾರಿಯಲ್ಲಿ ಗಾಡಿ ಹಿಂದೆ ತೆಗೆಯಲೂ ಅನುಕೂಲ. ಆದರೆ ತಗಡು ಕೊಯ್ದ ಅಂಚಿಗೆ ಬಣ್ಣ ಬಳಿದು ರಬ್ಬರನ್ನು ಬಿಗಿಯಾಗಿ ಕೂರಿಸದಿದ್ದರೆ ನಮ್ಮ ಮಳೆಗೆ ತುಕ್ಕು ಖಂಡಿತ. ರಾತ್ರಿ ಉಸಿರಿನ ತೇವ ತಣ್ಣನೆಯ ಗಾಜಿನ ಮೇಲೆ ನೀರಾಗಿ ಇಳಿದು ಹಾಸಿಗೆ ಒದ್ದೆಯಾಗುತ್ತದೆ. ಓಡುವಾಗ ಹಿಂದಿನ ಕಿಟಕಿ ತೆರೆದಿಟ್ಟರೆ ಧೂಳಿನೊಡನೆ ಇಂಜಿನ್ನಿನ ವಿಷದ ಹೊಗೆಯೂ ಒಳಸೇರಬಹುದು.

ಆದ್ದರಿಂದ ಹಿಂಬದಿಯಲ್ಲಿ ಹಾಸಿಗೆ ಬರುವುದಾದರೆ ಗಾಜು ಬೇಡ. ಕೂರುವ ಜಾಗ ಬರುವುದಾದರೆ ಇರಲಿ. ಗಾಳಿಗೆ ಪಕ್ಕದ ಕಿಟಕಿ, ಚಾವಣಿಯ ಗಾಳಿಕಿಂಡಿ ಸಾಕು. ಬಿಸಿಗಾಳಿ ಮೇಲಕ್ಕೇ ಏರುತ್ತದಷ್ಟೆ.

ಹಾಕಿಸುವುದೇ ಆದರೆ ಸುರಕ್ಷತಾ ಗಾಜನ್ನೇ ಹಾಕಿಸಿ. ನಿಯಮದಂತೆ ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ. 70, ಪಕ್ಕದ ಗಾಜಿನಲ್ಲಿ ಶೇ. 50ರಷ್ಟು ಬೆಳಕು ಹಾಯಬೇಕು. ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಹಾಗಾಗಿ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಕೊಯ್ದ ತಗಡು ಮತ್ತೆ ಕೂಡದು.